ಗೇಟ್ ಪಕ್ಕ ಅರೋಕೇರಿಯಾನಾ, ಅಡೇನಿಯಮ್ಮಾ?

ಪ್ರಶ್ನೆ: ಸರ್, ನಮಸ್ತೆ. ದಾವಣಗೆರೆಯಲ್ಲಿ ನಮ್ಮದು 30-40ರ ಸೈಟು. ಗೇಟ್ ಪಕ್ಕ ನಾಲ್ಕಡಿ ಜಾಗ ಇದೆ. ಎರೆಮಣ್ಣು, ಮಧ್ಯಾಹ್ನ ಪೂರ್ತಿ ಬಿಸಿಲು. ಮಗಳಿಗೆ ಅರೋಕೇರಿಯಾ, ಅಂದರೆ ಕ್ರಿಸ್‌ಮಸ್ ಗಿಡ ಬೇಕಂತೆ. ಅತ್ತೆಗೆ ಹೂವು ಬೇಕು, ದಪ್ಪ ಬುಡದ ಅಡೇನಿಯಂ ಇಷ್ಟ. ಯಾವುದು ನೆಡೋಣ?

ಉತ್ತರ: ಮೇಡಂ, ಆ ಜಾಗಕ್ಕೆ ಅರೋಕೇರಿಯಾ ಖಂಡಿತ ಬೇಡ. ನರ್ಸರಿಯಲ್ಲಿ ಎರಡಡಿ ಇದ್ದಾಗ ಮುದ್ದಾಗಿ ಕಾಣುತ್ತದೆ. ಆದರೆ ನಮ್ಮ ಕಡೆ ಆ ಹೆಸರಲ್ಲಿ ಮಾರುವುದು ಹೆಚ್ಚಾಗಿ ಕುಕ್ ಪೈನ್. ಅದರ ತವರು ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯಾ ದ್ವೀಪ. ಅಲ್ಲಿ 60 ಮೀಟರ್ ತನಕ ಎತ್ತರ ಹೋಗುವ ಮರ ಅದು. ಮೇಲೆ ಕರೆಂಟ್ ತಂತಿ ಇದ್ದರೆ ಮುಂದೊಂದು ದಿನ ತುದಿ ಕಡಿಯಲೇಬೇಕು, ಅಲ್ಲಿಗೆ ಅದರ ಅಂದ ಮುಗೀತು. ನಮ್ಮ ಏಪ್ರಿಲ್ ಬಿಸಿಲಿಗೆ ನೀರು ತಪ್ಪಿದರೆ ಕೆಳಗಿನ ಕೊಂಬೆಗಳು ಒಣಗುತ್ತವೆ. ಅತ್ತೆಗೆ ಹೂವು ಬೇಕು ಅಂದಿರಿ, ಇದು ಹೂ ಬಿಡುವ ಜಾತಿಯೇ ಅಲ್ಲ. ಎಷ್ಟೋ ವರ್ಷದ ಮೇಲೆ ಶಂಕುವಿನಂಥ ಕಾಯಿ ಕಟ್ಟುತ್ತದೆ, ಅಷ್ಟೇ.

ಅಡೇನಿಯಂ ಕಣಗಿಲೆಯ ಕುಟುಂಬದ್ದು. ಚಿತ್ರದುರ್ಗದ ಬಂಡೆ ಸಂದಿಯ ಕಳ್ಳಿ ನೋಡಿದ್ದೀರಲ್ವಾ? ಮಳೆ ಬಂದಾಗ ಕಾಂಡದಲ್ಲಿ ನೀರು ತುಂಬಿಕೊಂಡು ಬೇಸಿಗೆ ಕಳೆಯುತ್ತದೆ. ಅಡೇನಿಯಂನ ಆ ದಪ್ಪ ಬುಡದ ಕೆಲಸವೂ ಅದೇ. ಬಿಸಿಲು ಜಾಸ್ತಿ ಇದ್ದಷ್ಟೂ ಹೂವು ಜಾಸ್ತಿ.

ಆದರೆ ಎರೆಮಣ್ಣಿಗೆ ನೇರವಾಗಿ ನೆಡಬೇಡಿ. ಮಳೆಗಾಲದಲ್ಲಿ ನೀರು ಹಿಡಿದು ಬೇರು ಕೊಳೆಯುತ್ತದೆ. ಅಗಲವಾದ ಪಾಟ್‌ಗೆ ಕೆಂಪು ಮಣ್ಣು, ದಪ್ಪ ಮರಳು, ಸ್ವಲ್ಪ ಹಳೇ ಗೊಬ್ಬರ ಹಾಕಿ ಆ ಜಾಗದಲ್ಲೇ ಇಡಿ. ಆಗಾಗ ಬುಡವನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ. ಗಟ್ಟಿ ಇದ್ದರೆ ಆರಾಮಾಗಿದೆ. ಮಣ್ಣು ಒಣಗಿ ಬುಡ ಮೆತ್ತಗಾಗಿದ್ದರೆ ಬಾಯಾರಿದೆ, ನೀರು ಕೊಡಿ. ಮಣ್ಣು ಹಸಿ ಇದ್ದೂ ಮೆತ್ತಗಿದ್ದರೆ ಕೊಳೆ ಶುರುವಾಗಿದೆ. ತಕ್ಷಣ ಕಿತ್ತು, ಕೊಳೆತದ್ದನ್ನು ಕೊಯ್ದು, ನೆರಳಲ್ಲಿ ಒಣಗಿಸಿ ಮತ್ತೆ ನೆಡಿ. ಅದರ ಹಾಲು ವಿಷ. ಕತ್ತರಿಸಿದ ಮೇಲೆ ಕೈ ತೊಳೆಯಿರಿ, ಮಕ್ಕಳನ್ನು ದೂರ ಇಡಿ. ಚಳಿಗಾಲದಲ್ಲಿ ಎಲೆ ಉದುರಿದರೆ ಹೆದರಬೇಡಿ, ನೀರು ಕಡಿಮೆ ಮಾಡಿ ಸಾಕು.

ಪ್ರಶ್ನೆ: ಥ್ಯಾಂಕ್ಸ್ ಸರ್. ಅಕ್ಕನ ಮನೆಯಲ್ಲಿ ಎರಡೂ ಇವೆ. ಸುಮ್ನೆ ದುಡ್ಡು ಯಾಕೆ, ಕೊಂಬೆ ತಂದು ನೆಟ್ಟರೆ ಬರುತ್ತಾ?

ಉತ್ತರ: ಅರೋಕೇರಿಯಾದ ಪಕ್ಕದ ಕೊಂಬೆ ಬೇರು ಬಿಟ್ಟರೂ ಅಡ್ಡಡ್ಡವೇ ಬೆಳೆಯುತ್ತದೆ, ನೆಟ್ಟಗೆ ಏಳುವುದಿಲ್ಲ. ಮಗಳಿಗೆ ಬೇಕೇ ಬೇಕು ಅಂದರೆ ಬೀಜದಿಂದ ಬಂದ ಸಸಿ ತಂದು, ಬೆಳಗಿನ ಬಿಸಿಲು ಮಾತ್ರ ಬೀಳುವ ಕಡೆ ಕುಂಡದಲ್ಲಿ ಬೆಳೆಸಿ. ಅಡೇನಿಯಂ ಕೊಂಬೆ ಚಿಗುರುತ್ತದೆ, ಆದರೆ ಬುಡ ಅಷ್ಟು ಚೆನ್ನಾಗಿ ಊದುವುದಿಲ್ಲ. ಅಕ್ಕನ ಗಿಡದಲ್ಲಿ ಜೋಡಿ ಕೊಂಬಿನಂಥ ಕಾಯಿ ಇದ್ದರೆ ಒಡೆಯುವ ಮೊದಲೇ ದಾರ ಸುತ್ತಲು ಹೇಳಿ, ಇಲ್ಲದಿದ್ದರೆ ಬೀಜ ಗಾಳಿಗೆ ಹಾರಿಹೋಗುತ್ತದೆ.