ರೋಮನ್ ಸೈನಿಕರ ಶಿಬಿರ ಬರೆಯಲು ಯಾವ ಹಳೆಯ ಚಿತ್ರಗಳನ್ನು ನಂಬಬಹುದು?

ಡ್ರಾಯಿಂಗ್ ಮೇಷ್ಟ್ರು, ಮಂಡ್ಯ
ನಮ್ಮ ಪ್ರೌಢಶಾಲೆಯ ಗೋಡೆಗೆ ರೋಮನ್ ಸೇನೆಯ ಶಿಬಿರದ ದೊಡ್ಡ ಚಿತ್ರವೊಂದನ್ನು ಬರೆಯುತ್ತಿದ್ದೇನೆ. ಹುಡುಕಿದರೆ ಸಿಗುವುದೆಲ್ಲ ಹತ್ತೊಂಬತ್ತನೆಯ ಶತಮಾನದ ಮುದ್ರಿತ ಚಿತ್ರಗಳು: ಎಲ್ಲರಿಗೂ ಕೆಂಪು ಹೊದಿಕೆ, ಶಿರಸ್ತ್ರಾಣದ ಮೇಲೆ ತುರಾಯಿ, ಕೈಯಲ್ಲಿ ಎತ್ತಿದ ಕತ್ತಿ. ನನ್ನ ಮಕ್ಕಳಲ್ಲಿ ಹೆಚ್ಚಿನವರು ಕಬ್ಬು, ಭತ್ತ ಬೆಳೆಯುವ ಮನೆಯವರು. ಇಷ್ಟು ಜನ ಏನು ಉಣ್ಣುತ್ತಿದ್ದರು, ಅದನ್ನು ಯಾರು ತರುತ್ತಿದ್ದರು ಎಂದೇ ಅವರು ಮೊದಲು ಕೇಳುತ್ತಾರೆ. ಸೈನಿಕರ ದಿನದ ದುಡಿಮೆಯನ್ನು ತೋರಿಸುವ, ಆ ಕಾಲದವರೇ ಮಾಡಿದ ಚಿತ್ರಗಳಿವೆಯೇ?

ನಿವೃತ್ತ ಇತಿಹಾಸ ಅಧ್ಯಾಪಕಿ, ಮೈಸೂರು
ಮೇಷ್ಟ್ರೇ, ರೋಮ್ ನಗರದಲ್ಲಿರುವ, ಸಾಮ್ರಾಟ ಟ್ರಾಜನ್‌ನ ಹೆಸರಿನ ಟ್ರಾಜನ್ ಸ್ತಂಭದಿಂದ ಶುರುಮಾಡಿ. ಡೇಸಿಯಾ (ಇಂದಿನ ರುಮೇನಿಯಾದ ಸೀಮೆ) ಯುದ್ಧಗಳನ್ನು ಅವನು ಗೆದ್ದ ಮೇಲೆ ಕ್ರಿ.ಶ. 113ರಲ್ಲಿ ಸಮರ್ಪಿತವಾದದ್ದು. ಸುಮಾರು 200 ಮೀಟರ್ ಉದ್ದದ ಉಬ್ಬುಶಿಲ್ಪದ ಪಟ್ಟಿ ಅದನ್ನು ಸುತ್ತಿಕೊಂಡು ಮೇಲೇರುತ್ತದೆ. ಅಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಕಾದಾಟವಲ್ಲ, ಕೆಲಸ. ಸೈನಿಕರು ಮರ ಕಡಿಯುತ್ತಾರೆ, ಹುಲ್ಲುಬೇರು ಸಮೇತ ಕತ್ತರಿಸಿದ ಮಣ್ಣಿನ ಹೆಂಟೆಗಳನ್ನು ಹಗ್ಗ ಬಿಗಿದು ಬೆನ್ನಮೇಲೆ ಹೊರುತ್ತಾರೆ, ದೋಣಿಗಳ ಸೇತುವೆಯ ಮೇಲೆ ಡ್ಯಾನ್ಯೂಬ್ ನದಿ ದಾಟುತ್ತಾರೆ. ಒಂದೆಡೆ ಗಾಯಾಳುವಿನ ತೊಡೆಗೆ ಪಟ್ಟಿ ಕಟ್ಟುತ್ತಿದ್ದಾರೆ. ನಿಮ್ಮ ಮಕ್ಕಳಿಗಾಗಿ ಇನ್ನೊಂದನ್ನು ಬರೆಯಲೇಬೇಕು: ಸೈನಿಕರು ಕುಡುಗೋಲು ಹಿಡಿದು ಪೈರು ಕೊಯ್ಯುವ ದೃಶ್ಯ!

ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಈ ಸ್ತಂಭದ ಗಾರೆಯ ಅಚ್ಚು ಎರಡು ಭಾಗಗಳಾಗಿ ನಿಂತಿದೆ. ಅದರ ಫೋಟೊಗಳಲ್ಲಿ ವಿವರ ಚೆನ್ನಾಗಿ ಕಾಣುತ್ತದೆ.

ಪ್ರವಾಸಿ ಮಾರ್ಗದರ್ಶಿ, ಶ್ರೀರಂಗಪಟ್ಟಣ
ಮೇಡಂ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ದರಿಯಾ ದೌಲತ್‌ನ ಗೋಡೆಯಲ್ಲಿ ಹೈದರ್, ಟಿಪ್ಪು ಈಸ್ಟ್ ಇಂಡಿಯಾ ಕಂಪನಿಯ ಪಡೆಯನ್ನು ಸೋಲಿಸಿದ 1780ರ ಪೊಳ್ಳಿಲೂರು ಯುದ್ಧದ ಚಿತ್ರ ಇದೆಯಲ್ಲ, ಪಲ್ಲಕ್ಕಿಯಲ್ಲಿ ಕುಳಿತ ಕಂಪನಿಯ ಕರ್ನಲ್ ಬೇಲಿಯನ್ನು ತೋರಿಸುವಾಗಲೆಲ್ಲ ಇದು ಗೆದ್ದವರು ಬರೆಸಿದ್ದು ಎಂದು ಹೇಳಿಯೇ ಮುಂದೆ ಹೋಗುತ್ತೇನೆ. ಟ್ರಾಜನ್ ಸ್ತಂಭವೂ ಹಾಗೆಯೇ ಅಲ್ಲವೇ?

ನಿವೃತ್ತ ಇತಿಹಾಸ ಅಧ್ಯಾಪಕಿ, ಮೈಸೂರು
ಖಂಡಿತ. ಅದಕ್ಕೇ ಅದರ ಪಕ್ಕದಲ್ಲಿ ರುಮೇನಿಯಾದ ಅದಮ್‌ಕ್ಲಿಸಿಯ ಶಿಲ್ಪಗಳನ್ನು ಇಟ್ಟು ನೋಡಬೇಕು. ಕ್ರಿ.ಶ. 109ರ ವಿಜಯಸ್ಮಾರಕ ಅದು, ಅದೇ ಯುದ್ಧಗಳದ್ದು, ಆದರೆ ರಣರಂಗದ ಸೀಮೆಯಲ್ಲೇ ಕಟ್ಟಿದ್ದು. ಕೆತ್ತನೆ ಒರಟು. ರೋಮ್‌ನ ಶಿಲ್ಪಿಗಳು ಮುಖ್ಯ ಕಾಲಾಳು ಪಡೆಯಾದ ಲೀಜನ್ನಿನವರಿಗೆಲ್ಲ ಲೋಹದ ಪಟ್ಟಿಪಟ್ಟಿಯ ಕವಚ ತೊಡಿಸಿ ಚೆಂದಗಾಣಿಸಿದರೆ, ಇಲ್ಲಿನವರು ಉಂಗುರ ಹೆಣೆದ ಕವಚ, ಮೀನಿನ ಪೊರೆಯಂಥ ಕವಚ ತೊಟ್ಟಿದ್ದಾರೆ. ಡೇಸಿಯನ್ನರ ಬಾಗಿದ ಕತ್ತಿಯ ಏಟು ತಡೆಯಲು ಬಲಗೈಗೆ ರಕ್ಷೆಯೂ ಇದೆ. ಪಟ್ಟಿಯ ಕವಚವೂ ನಿಜವೇ; 1964ರಲ್ಲಿ ಇಂಗ್ಲೆಂಡಿನ ಕಾರ್‌ಬ್ರಿಜ್‌ನಲ್ಲಿ ಅದರ ಭಾಗಗಳು ಒಂದು ಪೆಟ್ಟಿಗೆಯಲ್ಲಿ ಸಿಕ್ಕಿದವು. ನಿಮ್ಮ ಚಿತ್ರದಲ್ಲಿ ಎರಡೂ ಬಗೆಯವರಿರಲಿ, ಎಲ್ಲರಿಗೂ ಒಂದೇ ಸಮವಸ್ತ್ರ ಬೇಡ.

ಡ್ರಾಯಿಂಗ್ ಮೇಷ್ಟ್ರು, ಮಂಡ್ಯ
ತುಂಬಾ ಉಪಕಾರವಾಯಿತು, ಮೇಡಂ. ಕೊಯ್ಲಿನ ದೃಶ್ಯವನ್ನೇ ಮುಂದಕ್ಕೆ ತರುತ್ತೇನೆ. ಚಳಿನಾಡಿನಲ್ಲೂ ಬರಿಗಾಲೇ? ಗುರಾಣಿಗೆ ಯಾವ ಬಣ್ಣ?

ನಿವೃತ್ತ ಇತಿಹಾಸ ಅಧ್ಯಾಪಕಿ, ಮೈಸೂರು
ಬ್ರಿಟನ್ನಿನ ವಿಂಡೊಲಾಂಡಾ ಠಾಣೆಯಲ್ಲಿ ಸಿಕ್ಕಿದ ಮರದ ತೆಳುಹಲಗೆಯ ಪತ್ರವೊಂದರಲ್ಲಿ ಕಾಲುಚೀಲ, ಒಳಚಡ್ಡಿ ಕಳುಹಿಸಿದ ವಿಷಯವಿದೆ. ಆದ್ದರಿಂದ ಒಬ್ಬಿಬ್ಬರಿಗೆ ಧೈರ್ಯವಾಗಿ ಕಾಲುಚೀಲ ಹಾಕಿ. ಬಣ್ಣಕ್ಕೆ ಸಿರಿಯಾದ ಡ್ಯೂರಾ ಯೂರೋಪಸ್‌ನ ಮರದ ಗುರಾಣಿ ನೋಡಿ: ಕೆಂಪು ನೆಲ, ಮೇಲೆ ಹದ್ದು, ಸಿಂಹ. ಅದು ಮೂರನೆಯ ಶತಮಾನದ್ದು, ಟ್ರಾಜನ್‌ಗಿಂತ ಬಹಳ ಈಚಿನದು. ಕೆಂಪನ್ನು ತೆಗೆದುಕೊಳ್ಳಿ, ಹದ್ದು ಸಿಂಹಗಳನ್ನು ಬಿಡಿ. ಕೆಲಸದ ಹೊತ್ತಿನಲ್ಲಿ ಒರಗಿಸಿಟ್ಟ ಗುರಾಣಿಗಳಿಗೆ ಚರ್ಮದ ಗವಸು ಬರೆದರೂ ಸರಿಯೇ. ಅಂಥ ಗವಸುಗಳೂ ಉತ್ಖನನದಲ್ಲಿ ಸಿಕ್ಕಿವೆ.