ಬೆಳಿಗ್ಗೆ ಎದ್ದು ಕಾಲಿಟ್ಟರೆ ಹಿಮ್ಮಡಿಯಲ್ಲಿ ಮೊಳೆ ಚುಚ್ಚಿದ ಹಾಗೆ, ಯಾಕೆ?

ಪ್ರಶ್ನೆ (ವಿಜಯಪುರದಿಂದ):
ನಮಸ್ಕಾರ ರೀ. ಎರಡು ತಿಂಗಳಿಂದ ಬಲಗಾಲಿನ ಹಿಮ್ಮಡಿ ನೋವು. ಎದ್ದ ಕೂಡಲೇ ಮೊದಲ ನಾಲ್ಕು ಹೆಜ್ಜೆ ಜೀವ ಹೋಗುತ್ತೆ, ಆಮೇಲೆ ಓಡಾಡಿದರೆ ಕಮ್ಮಿ. ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತಿರುತ್ತೇನೆ, ಮನೆಯಲ್ಲಿ ಫರಸಿ ಮೇಲೆ ಬರಿಗಾಲು. ಎಕ್ಸ್‌ರೇಯಲ್ಲಿ ಎಲುಬು ಬೆಳೆದಿದೆ ಅಂದರು. ಆಪರೇಷನ್ ಬೇಕಾ?

ಉತ್ತರ 1:
ಹೆದರಬೇಡಿ ಅಕ್ಕಾ. ನೀವು ಹೇಳಿದ್ದು ಪ್ಲಾಂಟರ್ ಫೇಶಿಯೈಟಿಸ್ ಥರಾನೇ ಇದೆ. ಹಿಮ್ಮಡಿಯಿಂದ ಬೆರಳಿನವರೆಗೆ ಅಂಗಾಲಿನಲ್ಲಿ ಒಂದು ದಪ್ಪ ಪಟ್ಟಿ ಇರುತ್ತದೆ, ಜಾಸ್ತಿ ನಿಂತರೆ, ತೂಕ ಹೆಚ್ಚಿದ್ದರೆ, ಮೀನಖಂಡ ಬಿಗಿಯಾಗಿದ್ದರೆ ಅದು ನೋಯುತ್ತದೆ. ಆ ಎಲುಬು ನೋವಿಲ್ಲದವರಿಗೂ ಇರುತ್ತದೆ, ಅದನ್ನೇ ದೂರಬೇಡಿ. ಮನೆಯಲ್ಲೂ ಮೆತ್ತನೆ ಚಪ್ಪಲಿ ಹಾಕಿ. ಏಳುವ ಮೊದಲು ಟವೆಲ್ ಹಾಕಿ ಪಾದವನ್ನು ನಿಮ್ಮ ಕಡೆ ಎಳೆಯಿರಿ. ನೀರಿನ ಬಾಟಲಿ ಫ್ರಿಜ್‌ನ ಫ್ರೀಜರ್‌ನಲ್ಲಿ ಗಟ್ಟಿ ಮಾಡಿ ಅಂಗಾಲಿನ ಕೆಳಗೆ ಉರುಳಿಸಿ. ನನಗೆ ಎಂಟು ತಿಂಗಳು ಹಿಡಿಯಿತು, ನಡುವೆ ಬೇಸರ ಬಂದು ಬಿಟ್ಟಿದ್ದೆ, ಮತ್ತೆ ಶುರುವಾಯಿತು!

ಉತ್ತರ 2 (ಬಾಗಲಕೋಟೆ):
ಎಲ್ಲಾ ನೋವೂ ಅದೇ ಅಲ್ಲ ರೀ. ನಮ್ಮ ಕಾಕಾಗೆ ರಾತ್ರೋರಾತ್ರಿ ಹೆಬ್ಬೆರಳ ಬುಡ ಕೆಂಪಾಗಿ ಊದಿ, ಹೊದಿಕೆ ತಾಗಿದರೂ ಚೀರುತ್ತಿದ್ದರು, ಅದು ರಕ್ತದಲ್ಲಿ ಯೂರಿಕ್ ಆಸಿಡ್ ಹೆಚ್ಚಿ ಬರುವ ಗೌಟ್ ಅನ್ನೋ ಕೀಲುನೋವು. ಹಿಮ್ಮಡಿಯ ಹಿಂದೆ ಮೇಲ್ಗಡೆ ನೋವಾದರೆ ಮೀನಖಂಡವನ್ನು ಹಿಮ್ಮಡಿಗೆ ಜೋಡಿಸುವ ಅಕಿಲಿಸ್ ಸ್ನಾಯುರಜ್ಜಿನ ತೊಂದರೆ ಇರಬಹುದು.

ಉತ್ತರ 3:
ಕಾಲು ಉಳುಕಿ ನಾಲ್ಕು ಹೆಜ್ಜೆಯೂ ಇಡಲಾಗದಿದ್ದರೆ ತಿಕ್ಕಿಸಿಕೊಳ್ಳಲು ಹೋಗಬೇಡಿ, ಮೊದಲು ಎಕ್ಸ್‌ರೇ. ಸಕ್ಕರೆ ಕಾಯಿಲೆ ಇದ್ದು ಪಾದ ಉರಿ, ಜೋಮು ಇದ್ದರೂ ಡಾಕ್ಟರ್ ಹತ್ತಿರ ಹೋಗಿ.

ಪ್ರಶ್ನೆ ಕೇಳಿದವರು:
ಸಕ್ಕರೆ ಇಲ್ಲ ರೀ. ಬಾಟಲಿ ಈಗಲೇ ಫ್ರಿಜ್‌ಗೆ ಇಟ್ಟೆ.