ಪದಚರ್ಚೆ: ಯಕೃತ್ತಿನ ಶಸ್ತ್ರಚಿಕಿತ್ಸೆಯಲ್ಲಿ ಬಳಸುವ ‘ಸೀಲೆಂಟ್’ಗೆ ಕನ್ನಡದಲ್ಲಿ ಏನೆನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ಯಕೃತ್ತಿನ ಗೆಡ್ಡೆ ತೆಗೆಸಿಕೊಳ್ಳಲು ಬರುವವರಿಗಾಗಿ ಒಂದು ತಿಳಿವಳಿಕೆ ಪತ್ರವನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ರೋಗಿಯೂ ಮನೆಯವರೂ ಅದನ್ನು ಓದಿ ಕೆಳಗೆ ಸಹಿ ಹಾಕಬೇಕಾಗುತ್ತದೆ. ಹಾಗಾಗಿ ಒಂದೊಂದು ಪದವೂ ಅವರಿಗೆ ಸರಿಯಾದ ಅರ್ಥವನ್ನೇ ಕೊಡಬೇಕು ಎಂಬುದು ನನ್ನ ಹಟ. ಅದರಲ್ಲಿ ಬರುವ ‘ಸರ್ಜಿಕಲ್ ಸೀಲೆಂಟ್’ ಎಂಬ ಮಾತಿಗೆ ತಕ್ಕ ಪದ ಬೇಕಾಗಿದೆ. ‘ಸೀಲೆಂಟ್’ ಎಂದೇ ಉಳಿಸಿದರೆ ಹೆಚ್ಚಿನವರಿಗೆ ಬಚ್ಚಲುಮನೆಯ ಸಂದಿಗೆ ತುಂಬುವ ಸಿಲಿಕೋನ್ ನೆನಪಾಗುತ್ತದೆ.

ಮೊದಲು ವಸ್ತುವಿನ ವಿಚಾರ. ಯಕೃತ್ತಿನ ಒಂದು ಭಾಗವನ್ನು ಕತ್ತರಿಸಿ ತೆಗೆದಾಗ ಉಳಿದ ಭಾಗದ ಕೊಯ್ದ ಮೈಯಲ್ಲಿ ರಕ್ತನಾಳಗಳ ಜೊತೆಗೆ ಪಿತ್ತನಾಳಗಳ ತುದಿಗಳೂ ತೆರೆದುಕೊಳ್ಳುತ್ತವೆ. ದೊಡ್ಡವನ್ನು ದಾರದಿಂದ ಕಟ್ಟುತ್ತಾರೆ ಅಥವಾ ಕ್ಲಿಪ್ ಹಾಕುತ್ತಾರೆ. ಕಣ್ಣಿಗೆ ಕಾಣದಷ್ಟು ಸಣ್ಣವು ಮಾತ್ರ ಜಿನುಗುತ್ತಲೇ ಇರುತ್ತವೆ. ಅಲ್ಲಿಗೆ ಬಳಸುವುದು ಈ ಸೀಲೆಂಟ್. ಹೆಚ್ಚು ಬಳಕೆಯಲ್ಲಿರುವುದು ಫೈಬ್ರಿನ್ ಬಗೆ. ಅಕ್ಕಪಕ್ಕ ಜೋಡಿಸಿದ ಎರಡು ಸಿರಿಂಜುಗಳಲ್ಲಿ ಒಂದರಲ್ಲಿ ಫೈಬ್ರಿನೊಜನ್, ಇನ್ನೊಂದರಲ್ಲಿ ಥ್ರಾಂಬಿನ್, ಎರಡೂ ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನುಗಳು. ಎರಡೂ ಸೇರಿದೊಡನೆ ಫೈಬ್ರಿನ್ ಎಳೆಗಳು ಹೆಣೆದುಕೊಂಡು ತೆಳುವಾದ ಪದರವಾಗುತ್ತದೆ. ರಕ್ತ ಹೆಪ್ಪುಗಟ್ಟುವಾಗಿನ ಕೊನೆಯ ಹಂತವೂ ಇದೇ. ಇನ್ನೊಂದು ರೂಪವೂ ಇದೆ: ಕುದುರೆಯ ಮೈಯ ನಾರಿನಂಥ ಪ್ರೋಟೀನಾದ ಕೊಲಾಜನ್‌ನಿಂದ ಮಾಡಿದ ಒಣ ಹಾಳೆಯ ಒಂದು ಮಗ್ಗುಲಿಗೆ ಇದೇ ಎರಡು ವಸ್ತುಗಳನ್ನು ಲೇಪಿಸಿರುತ್ತಾರೆ. ಆ ಮಗ್ಗುಲು ಗುರುತಿಗಾಗಿ ಹಳದಿಯಾಗಿರುತ್ತದೆ. ಅದನ್ನು ಯಕೃತ್ತಿನ ಕಡೆಗಿಟ್ಟು ಒದ್ದೆ ಬಟ್ಟೆಯಿಂದ ಸುಮಾರು 3 ನಿಮಿಷ ಒತ್ತಿ ಹಿಡಿಯುತ್ತಾರೆ. ಮುಂದೆ ದೇಹವೇ ಅದನ್ನು ಕರಗಿಸಿಕೊಳ್ಳುತ್ತದೆ.

ಇನ್ನು ಪದಗಳಿಗೆ ಬರುತ್ತೇನೆ. ‘ಸೀಲ್’ ಎಂಬುದರ ಬೆನ್ನು ಹತ್ತಿದರೆ ‘ಮುದ್ರಕ’ ಸಿಗುತ್ತದೆ. ಆದರೆ ಪುಸ್ತಕದ ಎರಡನೆಯ ಪುಟದಲ್ಲಿ ಕಾಣುವ ‘ಮುದ್ರಕರು’ ಶಸ್ತ್ರಚಿಕಿತ್ಸೆಯ ಕೋಣೆಗೆ ಬರುವುದು ಸರಿಯಲ್ಲ. ‘ಮೊಹರು’ ಕಚೇರಿಯದು. ‘ಅರಗು’ ನನಗೆ ತುಂಬ ಹಿಡಿಸಿದ ಪದ, ಲಕೋಟೆಗೆ ಹಾಕುವ ಅರಗಿನ ಕೆಲಸವೂ ಮುಚ್ಚುವುದೇ. ಆದರೆ ‘ಅರಗು’ ಎಂದರೆ ಜೀರ್ಣವಾಗು ಎಂಬ ಅರ್ಥವೂ ಇದೆ. ಯಕೃತ್ತಿನ ಮಾತು ಬಂದಾಗ ಎಲ್ಲರ ಮನಸ್ಸಿಗೂ ಬರುವುದು ಆ ಅರ್ಥವೇ.

‘ಅಂಟು’ ಎಲ್ಲರಿಗೂ ಗೊತ್ತಿರುವ ಪದ, ಪತ್ರಿಕೆಗಳೂ ‘ಜೈವಿಕ ಅಂಟು’ ಎಂದು ಬರೆಯುತ್ತವೆ. ಅದಕ್ಕೆ ನನ್ನ ತಕರಾರು ಎರಡು. ಒಂದು, ಅಂಟುರೋಗ, ಅಂಟುಜಾಡ್ಯಗಳ ನೆರಳು. ಎರಡನೆಯದು ಇನ್ನೂ ಮುಖ್ಯ. ಶಸ್ತ್ರಚಿಕಿತ್ಸೆಯ ನಂತರ ಹೊಟ್ಟೆಯೊಳಗೆ ಅಂಗಗಳು ಒಂದಕ್ಕೊಂದು ಕೂಡಿಕೊಳ್ಳುವುದುಂಟು. ಅದನ್ನು ವೈದ್ಯರು ‘ಕರುಳು ಅಂಟಿಕೊಂಡಿದೆ’ ಎಂದೇ ಹೇಳುತ್ತಾರೆ. ಅದೊಂದು ತೊಂದರೆ, ಇದೊಂದು ಉಪಾಯ. ಎರಡಕ್ಕೂ ಒಂದೇ ಪದವಾದರೆ ಓದುವವರು ಗಾಬರಿಯಾಗುತ್ತಾರೆ. ಅಲ್ಲದೆ ವೈದ್ಯರು ಇಲ್ಲಿ ಮೂರು ಬಗೆಯನ್ನು ಬೇರೆಬೇರೆಯಾಗಿ ನೋಡುತ್ತಾರೆ: ರಕ್ತ ಹೆಪ್ಪುಗಟ್ಟಲು ನೆರವಾಗುವುದು, ಮೇಲೊಂದು ಪದರವಾಗಿ ಮುಚ್ಚುವುದು, ಎರಡು ಅಂಚುಗಳನ್ನು ಕೂಡಿಸುವುದು. ಮೊದಲನೆಯದಕ್ಕೆ ‘ರಕ್ತಸ್ತಂಭಕ’ ಇದೆ. ‘ಅಂಟು’ ಮೂರನೆಯದಕ್ಕೆ ಸಲ್ಲುತ್ತದೆ. ನನಗೆ ಬೇಕಾಗಿರುವುದು ನಡುವಿನದು.

ಹಳೆಯ ವೈದ್ಯಗ್ರಂಥಗಳಲ್ಲಿ ಹುಡುಕಿದರೆ ಸುಶ್ರುತ ಸಂಹಿತೆಯಲ್ಲಿ ರಕ್ತ ನಿಲ್ಲಿಸುವ ನಾಲ್ಕು ದಾರಿಗಳಿವೆ: ಸಂಧಾನ, ಸ್ಕಂದನ, ಪಾಚನ, ದಹನ. ಒಗರು ಪದಾರ್ಥಗಳಿಂದ ಗಾಯವನ್ನು ಕೂಡಿಸುವುದು, ತಂಪಿನಿಂದ ರಕ್ತವನ್ನು ಗಟ್ಟಿಯಾಗಿಸುವುದು, ಬೂದಿಯಿಂದ ಒಣಗಿಸುವುದು, ಸುಟ್ಟು ನಾಳವನ್ನು ಕುಗ್ಗಿಸುವುದು. ಎಷ್ಟು ಅಚ್ಚುಕಟ್ಟಾದ ವಿಂಗಡಣೆ! ಇಂದಿನ ಶಸ್ತ್ರವೈದ್ಯರು ವಿದ್ಯುತ್ತಿನಿಂದ ಸುಡುವುದೂ ದಹನವೇ. ‘ಸ್ಕಂದನ’ವನ್ನು ರಕ್ತ ಹೆಪ್ಪುಗಟ್ಟುವಿಕೆಗೆ ಧೈರ್ಯವಾಗಿ ಬಳಸಬಹುದು. ‘ಸಂಧಾನ’ ಮಾತ್ರ ಇಂದು ಜಗಳ ಬಗೆಹರಿಸುವವರ ಪಾಲಾಗಿದೆ, ಅದನ್ನು ಹಿಂದಕ್ಕೆ ತರುವುದು ಕಷ್ಟ.

ಜೊತೆಯಲ್ಲಿ ಕೆಲಸ ಮಾಡುವ ಗೆಳತಿ ‘ಸೋರುತಡೆ’ ಎಂದು ಸೂಚಿಸಿದರು. ಕಿವಿಗೆ ಇಂಪಾಗಿದೆ, ಅರ್ಥವೂ ತಕ್ಷಣ ಆಗುತ್ತದೆ. ಆದರೂ ನಾನು ಅದನ್ನು ಒಪ್ಪಲಾರೆ, ಅದರ ಕಾರಣ ವ್ಯಾಕರಣದಲ್ಲಿಲ್ಲ. ಸ್ಪೇನಿನಲ್ಲಿ ಯಕೃತ್ತಿನ ಭಾಗ ತೆಗೆಸಿಕೊಂಡ 300 ರೋಗಿಗಳನ್ನು ಫೈಬ್ರಿನ್ ಹಚ್ಚಿದವರು, ಹಚ್ಚದವರು ಎಂದು ಎರಡು ಗುಂಪು ಮಾಡಿ ನೋಡಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ನೆದರ್ಲೆಂಡ್ಸಿನಲ್ಲಿ 310 ರೋಗಿಗಳ ಮೇಲೆ ನಡೆದ ಅಂಥದೇ ಅಧ್ಯಯನ 2012ರಲ್ಲಿ ಬಂತು. ಎರಡರಲ್ಲೂ ಪಿತ್ತರಸದ ಸೋರಿಕೆ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ ಆಗಿತ್ತು. ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ರಕ್ತವನ್ನು ಬೇಗ ನಿಲ್ಲಿಸಲು ಈ ವಸ್ತುಗಳು ನೆರವಾಗುತ್ತವೆ, ಅದು ಸಣ್ಣ ಉಪಕಾರವಲ್ಲ. ಆದರೆ ಮುಂದಿನ ತೊಡಕುಗಳನ್ನು ತಡೆಯುತ್ತವೆ ಎಂಬ ಭರವಸೆ ಬೇರೆ. ‘ತಡೆ’ ಎಂದು ಹೆಸರಿಟ್ಟರೆ ಪರೀಕ್ಷೆಯಲ್ಲಿ ಸಿಗದ ಭರವಸೆಯನ್ನು ಪದವೇ ಕೊಟ್ಟಂತಾಗುತ್ತದೆ. ಸಹಿ ಹಾಕುವವರಿಗೆ ಅದು ನ್ಯಾಯವಲ್ಲ. ಹಾಗಾಗಿ ನನ್ನ ಒಲವು ‘ಲೇಪ’ದ ಕಡೆಗೆ: ‘ಫೈಬ್ರಿನ್ ಲೇಪ’, ಹಾಳೆಯ ರೂಪದ್ದಕ್ಕೆ ‘ಲೇಪಪಟ್ಟಿ’. ಏನು ಮಾಡುತ್ತಾರೋ ಅಷ್ಟನ್ನೇ ಅದು ಹೇಳುತ್ತದೆ. ಮುಲಾಮಿನಂತೆ ಚರ್ಮದ ಮೇಲೆ ಹಚ್ಚುವುದು ಎಂದು ಯಾರಾದರೂ ತಿಳಿದಾರೆಂಬ ಅಳುಕು ಇದೆ, ‘ಒಳಲೇಪ’ ಎಂದರೆ ಅದು ತೀರೀತೇ?

ಇದರ ಜೊತೆಗೇ ಇನ್ನೊಂದು ಪದ. ಪಿತ್ತರಸ ಸೋರುವುದನ್ನು ಕೆಲವು ಅನುವಾದಗಳಲ್ಲಿ ‘ಪಿತ್ತಸ್ರಾವ’ ಎಂದು ಕಂಡೆ. ಇದು ಅಪಾಯಕಾರಿ. ಯಕೃತ್ತು ಪಿತ್ತರಸವನ್ನು ಸ್ರವಿಸುತ್ತದೆ ಎಂದು ಶಾಲೆಯ ಪಾಠದಲ್ಲೇ ಓದಿರುತ್ತೇವೆ, ಸ್ರಾವ ಅದರ ಸಹಜ ಕೆಲಸ. ಇಲ್ಲಿ ಆಗುವುದು ನಾಳದಿಂದ ಹೊಟ್ಟೆಯೊಳಕ್ಕೆ ಸೋರಿಕೆ. ವೈದ್ಯರು ಅದಕ್ಕೆ ಅಳತೆಯನ್ನೂ ಇಟ್ಟುಕೊಂಡಿದ್ದಾರೆ: ಶಸ್ತ್ರಚಿಕಿತ್ಸೆಯಾಗಿ ಮೂರನೆಯ ದಿನ ಅಥವಾ ಅನಂತರ, ಹೊಟ್ಟೆಯಿಂದ ಹೊರಗೆ ಬಿಟ್ಟ ನಳಿಕೆಯ ದ್ರವದಲ್ಲಿನ ಬಿಲಿರುಬಿನ್ (ಪಿತ್ತರಸದಲ್ಲಿರುವ ಹಳದಿ ಬಣ್ಣದ ವಸ್ತು) ರಕ್ತದಲ್ಲಿರುವುದರ ಮೂರು ಪಟ್ಟು ಅಥವಾ ಹೆಚ್ಚು ಇದ್ದರೆ ಸೋರಿಕೆ ಎಂದು ಲೆಕ್ಕ. ಆದ್ದರಿಂದ ‘ಪಿತ್ತರಸದ ಸೋರಿಕೆ’ ಎಂದೇ ಬರೆಯುತ್ತಿದ್ದೇನೆ. ಬರಿಯ ‘ಪಿತ್ತ’ ಎಂದರೆ ತಲೆಸುತ್ತಿಗೂ ನಿಂಬೆರಸಕ್ಕೂ ಮಾತು ಹೊರಳುತ್ತದೆ. ‘ಪಿತ್ತಕೋಶ’ವನ್ನೂ ಬಿಟ್ಟಿದ್ದೇನೆ, ಕೆಲವರು ಅದನ್ನು ಯಕೃತ್ತಿಗೆ, ಕೆಲವರು ಪಿತ್ತದ ಚೀಲಕ್ಕೆ ಬಳಸುತ್ತಾರೆ.

‘ಕಾಂಪ್ಲಿಕೇಶನ್’ ಎಂಬುದಕ್ಕೆ ‘ತೊಡಕು’ ಸಾಕೆನಿಸಿದೆ, ‘ಸಂಕೀರ್ಣತೆ’ ಬೇಡ. ಆಯುರ್ವೇದದ ‘ಉಪದ್ರವ’ ಅರ್ಥದಲ್ಲಿ ನಿಖರವಾಗಿದ್ದರೂ ಮಂಗಳೂರಿನ ಕಡೆಯವರಿಗೆ ಕಾಟ ಎಂದೇ ಕೇಳಿಸುತ್ತದೆ.

ಕೇಳಬೇಕಾದದ್ದು ಎರಡು. ‘ಒಳಲೇಪ’ ಎಂಬ ಪದವನ್ನು ವೈದ್ಯಕೀಯದಲ್ಲಿ ಬೇರೆ ಯಾವುದಕ್ಕಾದರೂ ಈಗಾಗಲೇ ಬಳಸಿದ್ದಾರೆಯೇ? ಹಾಗೆಯೇ ಕರಾವಳಿಯಲ್ಲಿ ಮರದ ದೋಣಿಯ ಹಲಗೆಗಳ ನಡುವೆ ನೀರು ಒಸರದಂತೆ ಮೆತ್ತುವ ವಸ್ತುವಿಗೂ ಆ ಕೆಲಸಕ್ಕೂ ಅಲ್ಲಿನವರು ಏನೆನ್ನುತ್ತಾರೆ? ಆ ಕಸುಬಿನವರನ್ನು ಬಲ್ಲವರು ದಯವಿಟ್ಟು ಕೇಳಿ, ಅವರ ಬಾಯಲ್ಲಿ ಬಂದ ರೂಪದಲ್ಲೇ ಬರೆದು ತಿಳಿಸಿ.